ಬಲಗೈ ಮೇಜಿನ ಕೆಳಗಿತ್ತು

ಚಿರಂಜೀವಿ ಪುಟ್ಟಿಗೆ ತಾತ ಮಾಡುವ ಅನೇಕ ಆಶೀರ್ವಾದಗಳು. ಉಭಯ ಕುಶಲೋಪರಿ ಸಾಂಪ್ರತ.

ಒಕ್ಕಣೆ ನೋಡಿ ನಗಬೇಡ. ನಮ್ಮ ಕಾಲದಲ್ಲಿ ಸಾಲ ಕೇಳುವ ಕಾಗದವೂ ಹೀಗೇ ಶುರುವಾಗುತ್ತಿತ್ತು. ದಿನಾ ಬೆಳಗ್ಗೆ ವಾಟ್ಸಾಪಿನಲ್ಲಿ ಗುಲಾಬಿ ಹೂವು ಕಳಿಸುವ ಮುದುಕ ಇದ್ದಕ್ಕಿದ್ದಂತೆ ಇಂಕ್ ಪೆನ್ನು ಹಿಡಿದಿದ್ದಾನೆ ಅಂದರೆ ಏನೋ ಇದೆ ಅಂತ ನಿನಗೆ ಹೊಳೆದೇ ಇರುತ್ತದೆ. ಇದೆ. ಫೋನಿನಲ್ಲಿ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ‘ಏನಿಲ್ಲ ತಾತ’ ಅಂದುಬಿಡುತ್ತೀಯ, ನಾನು ‘ಸರಿ ಕಣಮ್ಮ’ ಅಂದುಬಿಡುತ್ತೇನೆ. ಅದಕ್ಕೇ ಈ ಕಾಗದ. ನಿನ್ನಪ್ಪ ಫೋಟೊ ತೆಗೆದು ಕಳಿಸುತ್ತಾನೆ. ಅವನಿಗೂ ಗೊತ್ತಿಲ್ಲದ ಒಂದು ಸಂಗತಿ ಇದರಲ್ಲಿದೆ, ಅವನೂ ಓದಲಿ.

ಹೋದ ಭಾನುವಾರ ವಿಡಿಯೊ ಕಾಲ್ ಮಾಡಿದ್ದೆಯಲ್ಲ, ಅವತ್ತು ನೀನು ಕಾಫಿ ಕುಡಿಯುತ್ತಿದ್ದೆ. ಎಡಗೈಯಲ್ಲಿ. ಚಿಕ್ಕಂದಿನಲ್ಲಿ ಎಡಗೈಯಲ್ಲಿ ಲೋಟ ಹಿಡಿದರೆ ನಿಮ್ಮಜ್ಜಿ ಮೊಣಕೈಗೆ ಪಟ್ಟಂತ ಒಂದು ಕೊಡುತ್ತಿದ್ದಳು, ನೆನಪಿದೆಯಾ? ಬಾಲ್ಟಿಮೋರಿಗೆ ಹೋದ ಮೇಲೂ ನೀನು ಆ ಶಿಸ್ತು ಬಿಟ್ಟಿರಲಿಲ್ಲ. ಕೂದಲು ಹಿಂದಕ್ಕೆ ಸರಿಸಿದ್ದೂ ಎಡಗೈಯಲ್ಲಿ. ನಿಮ್ಮಮ್ಮ ಹೊಸ ಸೀರೆ ತೋರಿಸಿದಾಗ ಚೆನ್ನಾಗಿದೆ ಅಂತ ಸನ್ನೆ ಮಾಡಿದ್ದೂ ಎಡಗೈಯಲ್ಲೇ. ಹದಿನೆಂಟು ನಿಮಿಷ ಮಾತಾಡಿದೆವು. ಬಲಗೈ ಒಂದು ಸಲವೂ ಮೇಜಿನ ಕೆಳಗಿಂದ ಮೇಲೆ ಬರಲಿಲ್ಲ. ಕಣ್ಣಿನ ಪೊರೆ ತೆಗೆಸಿದ ಮೇಲೆ ನನಗೆ ಬೇಡದ್ದೆಲ್ಲ ನಿಚ್ಚಳವಾಗಿ ಕಾಣಿಸುತ್ತದೆ.

ಇರಲಿ, ಅಲ್ಲಿಗೆ ಆಮೇಲೆ ಬರುತ್ತೇನೆ.

ಮೊನ್ನೆ ಪಕ್ಕದ ಮನೆಯವರ ಕಾರು ಹಿಂದಕ್ಕೆ ಬರುತ್ತಾ ಅದೇ ಹಳೇ ರಾಗ ಹಾಡಿತು. ಅದು ಬೀತೋವನ್ ಬರೆದದ್ದು ಅಂತ ಇಡೀ ಬೀದಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಿನಗೂ ಗೊತ್ತಿರಲಿಲ್ಲ, ಆದರೆ ಐದು ವರ್ಷಕ್ಕೆ ನಿನ್ನಪ್ಪ ತಂದುಕೊಟ್ಟ ಕ್ಯಾಸಿಯೊ ಮೇಲೆ ಒಂದೊಂದೇ ಬೆರಳಿನಲ್ಲಿ ಅದನ್ನು ಹುಡುಕಿ ಹುಡುಕಿ ನುಡಿಸಿಬಿಟ್ಟೆ. ಅಡುಗೆಮನೆಯಲ್ಲಿದ್ದ ನಿಮ್ಮಜ್ಜಿ ‘ಯಾರದ್ರೀ ಕಾರು ನಮ್ಮ ಕಾಂಪೌಂಡಿಗೇ ಬರ್ತಿರೋದು’ ಅಂತ ಸೌಟು ಹಿಡಿದುಕೊಂಡು ಆಚೆ ಬಂದಳು.

ನೀನು ಪಿಯಾನೊನೇ ಕಲಿಯುತ್ತೇನೆ ಎಂದಾಗ ನಾನು ಒಪ್ಪಲಿಲ್ಲ ಎಂಬುದನ್ನೂ ಮರೆತಿಲ್ಲ. ಮನೆಯಲ್ಲಿ ವೀಣೆ ಇದೆ, ಮೈಸೂರು ಅಂದರೆ ವೀಣೆ, ಬೀರು ಗಾತ್ರದ ಆ ವಾದ್ಯ ಯಾಕೆ ಅಂದಿದ್ದೆ. ನನ್ನ ಬಾಯಿ ಮುಚ್ಚಿಸಿದವಳು ನಿಮ್ಮಜ್ಜಿ. ‘ಮಹಾರಾಜರು ನುಡಿಸಬಹುದು, ನಮ್ಮ ಮಗು ನುಡಿಸಬಾರದಾ?’ ಅಂದಳು. ಅವಳು ಹೇಳಿದ್ದು ಜಯಚಾಮರಾಜ ಒಡೆಯರ ವಿಷಯ. ಅವರಿಗೆ ಪಿಯಾನೊ ಕಚೇರಿ ಮಾಡುವ ವಾದಕರಾಗಬೇಕೆಂಬ ಆಸೆಯೇ ಇತ್ತು. 1940ರಲ್ಲಿ ಆರು ತಿಂಗಳೊಳಗೆ ತಂದೆಯೂ ಹೋದರು, ದೊಡ್ಡಪ್ಪ ನಾಲ್ವಡಿಯವರೂ ಹೋದರು. ಇಪ್ಪತ್ತೊಂದನೇ ವಯಸ್ಸಿಗೆ ತಲೆಯ ಮೇಲೆ ಕಿರೀಟ ಬಂತು, ಪಿಯಾನೊ ಅರಮನೆಯಲ್ಲೇ ಉಳಿಯಿತು. ತಾವು ಹೋಗಲಾರದ ದಾರಿಯಲ್ಲಿ ಇನ್ನೊಬ್ಬರಿಗಾದರೂ ಬುತ್ತಿ ಕಟ್ಟಿ ಕೊಡೋಣ ಅಂದುಕೊಂಡರೋ ಏನೋ, ಲಂಡನ್ನಿನಲ್ಲಿ ಜನ ಮರೆಯುತ್ತಿದ್ದ ನಿಕೊಲಾಯ್ ಮೆಟ್ನರ್ ಎಂಬ ರಷ್ಯಾದ ಮುದಿ ಪಿಯಾನೊ ವಾದಕನ ಸಂಗೀತವನ್ನೆಲ್ಲ ಅವನ ಕೈಯಿಂದಲೇ ರೆಕಾರ್ಡ್ ಮಾಡಿಸಲು ಹಣ ಕೊಟ್ಟರು. ಹೃದಯದ ಕಾಯಿಲೆ ಇಟ್ಟುಕೊಂಡೇ ಆ ಮನುಷ್ಯ ನುಡಿಸಿದ. ತನ್ನ ಮೂರನೆಯ ಪಿಯಾನೊ ಕಾನ್ಚರ್ಟೊವನ್ನು ಮೈಸೂರು ಮಹಾರಾಜರಿಗೆ ಅರ್ಪಿಸಿದ. 1951ರಲ್ಲಿ ತೀರಿಕೊಂಡ. ನೀನು ಎಂದಾದರೂ ಅದನ್ನು ವೇದಿಕೆಯ ಮೇಲೆ ನುಡಿಸಿದರೆ, ಮೊದಲ ಪುಟದಲ್ಲಿ ನಮ್ಮ ಊರಿನ ಹೆಸರಿದೆ ಅಂತ ಪಕ್ಕದವರಿಗೆ ತೋರಿಸು.

ಆದರೆ ಈ ಕಾಗದ ಅವರಿಬ್ಬರ ಬಗ್ಗೆ ಅಲ್ಲ. ಎರಡು ವರ್ಷದ ಹಿಂದೆ ರಜಕ್ಕೆ ಬಂದಾಗ ನೀನು ಒಂದು ಪುಸ್ತಕ ಬಿಟ್ಟುಹೋದೆಯಲ್ಲ, ನಿಮ್ಮ ಟೀಚರ್‌ಗೆ ಗುರುಗಳಾಗಿದ್ದ ಲಿಯಾನ್ ಫ್ಲೈಶರ್ ಅವರ ಆತ್ಮಕತೆ, ಅದನ್ನು ಡಿಕ್ಷನರಿ ಪಕ್ಕಕ್ಕಿಟ್ಟುಕೊಂಡು ಓದಿ ಮುಗಿಸಿದೆ. ಮೂರು ತಿಂಗಳು ಹಿಡಿಯಿತು. ಓದುತ್ತಾ ಓದುತ್ತಾ ನನಗೆ ಮೊದಲು ಸಂತೋಷವಾದದ್ದು ಪರಂಪರೆಯ ಲೆಕ್ಕದಲ್ಲಿ. ನಮ್ಮ ವಾಸುದೇವಾಚಾರ್ಯರು ಪಟ್ಣಂ ಸುಬ್ರಹ್ಮಣ್ಯ ಅಯ್ಯರ್ ಶಿಷ್ಯರು, ಅವರು ಮಾನಂಬುಚಾವಡಿ ವೆಂಕಟಸುಬ್ಬಯ್ಯರ್ ಶಿಷ್ಯರು, ಅವರು ಸಾಕ್ಷಾತ್ ತ್ಯಾಗರಾಜರ ಶಿಷ್ಯರು ಅಂತ ನಾವು ಬೆರಳು ಮಡಿಚುತ್ತೇವಲ್ಲ, ಹಾಗೆಯೇ ಅಲ್ಲೂ ಇದೆ. ಫ್ಲೈಶರ್ ಆರ್ಟರ್ ಶ್ನಾಬೆಲ್ ಶಿಷ್ಯರು. ಶ್ನಾಬೆಲ್ ಲೆಶೆಟಿಟ್ಸ್ಕಿಯ ಶಿಷ್ಯ, ಅವನು ಚೆರ್ನಿಯ ಶಿಷ್ಯ, ಚೆರ್ನಿ ಬೀತೋವನ್ ಶಿಷ್ಯ. ಎಣಿಸಿ ನೋಡಿದರೆ ನೀನು ಏಳನೇ ತಲೆ. ಕಾರು ಹಿಂದಕ್ಕೆ ಬರುವ ರಾಗದಿಂದ ಶುರುಮಾಡಿದವಳು!

ಆ ಫ್ಲೈಶರ್ ಹುಟ್ಟಿದ್ದು 1928ರಲ್ಲಿ, ಸ್ಯಾನ್ ಫ್ರಾನ್ಸಿಸ್ಕೊದಲ್ಲಿ. ಒಡೆಸ್ಸಾದಿಂದ ವಲಸೆ ಬಂದ ಅಪ್ಪನದು ಟೋಪಿ ಮಾಡುವ ಕಸುಬು. ಪಿಯಾನೊ ಪಾಠ ಇಟ್ಟಿದ್ದು ಅಣ್ಣನಿಗೆ. ಅಣ್ಣ ಪಾಠ ಮುಗಿಸಿ ಆಟಕ್ಕೆ ಓಡಿದರೆ, ಕೇಳಿಸಿಕೊಂಡು ಕೂತಿದ್ದ ನಾಲ್ಕು ವರ್ಷದ ತಮ್ಮ ಹೋಗಿ ಅದನ್ನೆಲ್ಲ ನುಡಿಸಿಬಿಡುತ್ತಿದ್ದ. ಹದಿನಾರು ತುಂಬದವರಿಗೆ ಶ್ನಾಬೆಲ್ ಪಾಠ ಹೇಳುತ್ತಿರಲಿಲ್ಲ. ಅವರು ಊಟಕ್ಕೆ ಬಂದಿದ್ದ ಮನೆಗೆ ಈ ಹುಡುಗನನ್ನು ಕಳ್ಳತನದಲ್ಲಿ ಒಳಗೆ ಬಿಟ್ಟು, ಊಟ ಮುಗಿಸಿ ಬರುವ ಹೊತ್ತಿಗೆ ಪಿಯಾನೊ ಮುಂದೆ ಕೂರಿಸಿದ್ದರಂತೆ. 1938ರಲ್ಲಿ ಹತ್ತು ವರ್ಷದ ಆ ಮಗುವನ್ನು ಇಟಲಿಯ ಕೊಮೊ ಸರೋವರದ ದಡಕ್ಕೆ ಗುರುಗಳ ಹತ್ತಿರ ಕರೆದುಕೊಂಡು ಹೋದರು. 1944ರಲ್ಲಿ, ಹದಿನಾರನೇ ವಯಸ್ಸಿಗೆ, ನ್ಯೂಯಾರ್ಕ್ ಫಿಲ್ಹಾರ್ಮೋನಿಕ್ ಜೊತೆ ಬ್ರಾಮ್ಸ್ ನುಡಿಸಿದ. 1952ರಲ್ಲಿ ಬ್ರಸೆಲ್ಸ್‌ನ ಕ್ವೀನ್ ಎಲಿಸಬೆತ್ ಸ್ಪರ್ಧೆ ಗೆದ್ದ ಮೊದಲ ಅಮೆರಿಕನ್. ಸಂಗೀತಕ್ಕೂ ಕುದುರೆ ಜೂಜಿನ ಥರ ಪಂದ್ಯ ಕಟ್ಟುವುದು ನನಗೆ ಈಗಲೂ ಹಿಡಿಸುವುದಿಲ್ಲ, ಆದರೆ ನಿನ್ನ ಹೊಟ್ಟೆಪಾಡಿನ ದಾರಿ ಅದೇ ಆಗಿರುವಾಗ ನಾನೇನು ಹೇಳಲಿ. ಆಮೇಲೆ ಆರ್ಕೆಸ್ಟ್ರಾ ನಡೆಸುತ್ತಿದ್ದ ಜಾರ್ಜ್ ಸೆಲ್ ಜೊತೆ ಕ್ಲೀವ್‌ಲ್ಯಾಂಡಿನಲ್ಲಿ ಬೀತೋವನ್ನನ ಐದು ಕಾನ್ಚರ್ಟೊಗಳ, ಬ್ರಾಮ್ಸನ ಎರಡರ ರೆಕಾರ್ಡು.

ಆ ಜೀವನವನ್ನು ಓದುವಾಗ ನನಗೆ ದಿಗಿಲಾದದ್ದು ಒಂಟಿತನದ ವಿಷಯದಲ್ಲಿ. ನಮ್ಮ ವೈಣಿಕರು ಬಸ್ಸಿನಲ್ಲಿ ತಮ್ಮ ಪಕ್ಕದ ಸೀಟಿಗೂ ಟಿಕೆಟ್ಟು ತೆಗೆದುಕೊಂಡು ವೀಣೆಯನ್ನು ಮಗುವಿನಂತೆ ಮಲಗಿಸಿಕೊಂಡು ಹೋಗುತ್ತಿದ್ದರು. ಎಲ್ಲಿಗೆ ಹೋದರೂ ತಮ್ಮ ವಾದ್ಯ, ಎಡಬಲದಲ್ಲಿ ಪಕ್ಕವಾದ್ಯದವರು. ಪಿಯಾನೊದವರು ಬರಿಗೈಯಲ್ಲಿ ಹೋಗಬೇಕು. ಗೊತ್ತಿಲ್ಲದ ಊರಿನಲ್ಲಿ ಮಧ್ಯಾಹ್ನ ಇಳಿದು, ಯಾರದೋ ಪಿಯಾನೊ ಮೇಲೆ ಎರಡು ಗಂಟೆ ಕೈಯಾಡಿಸಿ, ಅದರ ಮುನಿಸೆಲ್ಲ ತಿಳಿದುಕೊಂಡು ರಾತ್ರಿ ನುಡಿಸಬೇಕು. ಹೊರೊವಿಟ್ಸ್ ಥರದವರು 1986ರಲ್ಲಿ ಮಾಸ್ಕೋಗೆ ತಮ್ಮ ಪಿಯಾನೊವನ್ನೇ ಸಾಗಿಸಿಕೊಂಡು ಹೋದರು. ಅದು ದೊಡ್ಡವರ ಮಾತಾಯಿತು. ಉಳಿದವರಿಗೆ ತಮ್ಮದು ಅಂತ ಇರುವುದು ಹತ್ತು ಬೆರಳು ಮಾತ್ರ.

1964. ಫ್ಲೈಶರ್‌ಗೆ ಮೂವತ್ತಾರು. ಬಲಗೈಯ ಉಂಗುರ ಬೆರಳು, ಕಿರುಬೆರಳು ಎರಡೂ ತಾವಾಗಿ ಅಂಗೈಯೊಳಕ್ಕೆ ಮಡಿಚಿಕೊಳ್ಳತೊಡಗಿದವು. ಸೆಲ್ ಜೊತೆ ರಷ್ಯಾ ಪ್ರವಾಸ ಗೊತ್ತಾಗಿತ್ತು. ಪುಟ್ಟಿ, ಅವರೇನು ಮಾಡಿದರು ಗೊತ್ತಾ? ಕೈ ಸೋಮಾರಿಯಾಗಿದೆ ಅಂದುಕೊಂಡು ಇನ್ನೂ ಹೆಚ್ಚು ಸಾಧನೆ ಮಾಡಿದರು. ಬೆರಳು ಮಡಿಚಿಕೊಂಡಷ್ಟೂ ಗಂಟೆ ಹೆಚ್ಚಿಸಿದರು. ಕೆಲವೇ ತಿಂಗಳಲ್ಲಿ ಬಲಗೈ ಪಿಯಾನೊ ಮಟ್ಟಿಗೆ ಹೊರಟೇಹೋಯಿತು. ಆರ್ಕೆಸ್ಟ್ರಾದವರು ಪ್ರವಾಸಕ್ಕೆ ಅವರಿಲ್ಲದೆ ಹೋದರು.

ಆ ಕಾಯಿಲೆಗೆ ಫೋಕಲ್ ಡಿಸ್ಟೋನಿಯ ಅಂತ ಹೆಸರು ಎಂದು ಅವರಿಗೆ ತಿಳಿಯುವ ಹೊತ್ತಿಗೆ ತೊಂಬತ್ತರ ದಶಕ ಬಂದಿತ್ತು. ತೊಂದರೆ ಇದ್ದದ್ದು ಬೆರಳಲ್ಲಿ ಅಲ್ಲ, ತಲೆಯಲ್ಲಿ. ಮೆದುಳಿನಲ್ಲಿ ಒಂದೊಂದು ಬೆರಳಿಗೂ ಒಂದೊಂದು ಜಾಗ ಇದೆಯಂತೆ, ಹೊಲದ ಬದುವಿನಂತೆ ನಡುವೆ ಗೆರೆ. ಒಂದೇ ಚಲನೆಯನ್ನು ಲಕ್ಷಾಂತರ ಸಲ ಮಾಡುತ್ತಾ ಹೋದರೆ ಕೆಲವರಲ್ಲಿ ಆ ಬದು ಅಳಿಸಿಹೋಗುತ್ತದೆ. ಒಂದು ಬೆರಳಿಗೆ ಹೇಳಿದ್ದು ಪಕ್ಕದ ಬೆರಳಿಗೂ ಕೇಳಿಸುತ್ತದೆ. ಅಂಥದ್ದಕ್ಕೆ ಮತ್ತಷ್ಟು ಸಾಧನೆ ಮಾಡುವುದು ಅಂದರೆ ಬದುವಿನ ಮೇಲೆ ಇನ್ನಷ್ಟು ಗಾಡಿ ಓಡಿಸಿದ ಹಾಗೆ.

ಅಲ್ಲಿಂದ ಮುಂದಿನ ಮೂವತ್ತು ವರ್ಷದ ಕತೆ ನಿನಗೆ ನನಗಿಂತ ಚೆನ್ನಾಗಿ ಗೊತ್ತು. ಸಂಸಾರ ಮುರಿಯಿತು, ಪ್ರಾಣ ಕಳೆದುಕೊಳ್ಳುವ ಯೋಚನೆ ಬಂತು. ಆಮೇಲೆ ನಿಮ್ಮ ಪೀಬಡಿ ಸಂಗೀತ ಶಾಲೆಯಲ್ಲಿ ಪಾಠ ಹೇಳುತ್ತಾ ಹೋದರು, ಆರ್ಕೆಸ್ಟ್ರಾ ನಡೆಸಿದರು, ಎಡಗೈಯೊಂದರಲ್ಲೇ ನುಡಿಸಿದರು. ನುಡಿಸಿ ತೋರಿಸಲು ಆಗದ ಮೇಲೆ ಬಾಯಲ್ಲೇ ಹೇಳಬೇಕಾಯಿತಲ್ಲ, ಅದರಿಂದಲೇ ತಾವು ಒಳ್ಳೆಯ ಮೇಷ್ಟ್ರಾದದ್ದು ಎಂಬುದು ಅವರ ನಂಬಿಕೆ. ನುಡಿಸುವ ಮೊದಲು ಒಳಗಿವಿಗೆ ಸ್ವರ ಕೇಳಿಸಬೇಕು ಅಂತ ನಿಮ್ಮ ಟೀಚರ್ ಹೇಳುತ್ತಾರೆ ಎಂದಿದ್ದೆಯಲ್ಲ, ಅದು ಬಂದಿರುವುದು ಆ ಮುಚ್ಚಿದ ಕೈಯಿಂದ.

ಎಡಗೈ ಸಂಗೀತದ ಒಂದು ಪ್ರಸಂಗ ಮಾತ್ರ ಹೇಳದೆ ಇರಲಾರೆ. ಮೊದಲ ಮಹಾಯುದ್ಧದಲ್ಲಿ ಬಲತೋಳು ಕಳೆದುಕೊಂಡ ವಿಯೆನ್ನಾದ ಪಾಲ್ ವಿಟ್‌ಗೆನ್‌ಸ್ಟೈನ್ ಹಣವಂತ. ರವೆಲ್, ಪ್ರೊಕೊಫಿಯೆವ್ ಅಂಥವರಿಂದ ಎಡಗೈಗೆಂದೇ ಸಂಗೀತ ಬರೆಸಿಕೊಂಡ. 1923ರಲ್ಲಿ ಹಿಂಡೆಮಿಟ್ ಕೈಲೂ ಬರೆಸಿದ. ಬಂದದ್ದು ಹಿಡಿಸಲಿಲ್ಲ. ತಾನೂ ನುಡಿಸಲಿಲ್ಲ, ಬೇರೆಯವರಿಗೂ ಕೊಡಲಿಲ್ಲ. ಹಸ್ತಪ್ರತಿ ಸಿಕ್ಕಿದ್ದು ಅವನ ಹೆಂಡತಿಯೂ ಕಾಲವಾದ ಮೇಲೆ, ಅಮೆರಿಕದ ಮನೆಯಲ್ಲಿ. 2004ರ ಡಿಸೆಂಬರಿನಲ್ಲಿ ಬರ್ಲಿನ್ ಫಿಲ್ಹಾರ್ಮೋನಿಕ್ ಜೊತೆ ಅದನ್ನು ಜಗತ್ತಿನಲ್ಲೇ ಮೊದಲ ಬಾರಿಗೆ ನುಡಿಸಿದವರು ಎಪ್ಪತ್ತಾರು ವರ್ಷದ ಫ್ಲೈಶರ್. ಬರೆದು ಎಂಬತ್ತೊಂದು ವರ್ಷವಾಗಿತ್ತು. ನಮ್ಮ ಮನೆಗಳ ಅಟ್ಟದಲ್ಲೂ ಏನೇನಿದೆಯೋ.

ಇದೆಲ್ಲಕ್ಕಿಂತ ನನ್ನನ್ನು ಕಾಡಿದ್ದು 1982. ಬಾಲ್ಟಿಮೋರಿನಲ್ಲಿ ಹೊಸ ಸಂಗೀತ ಸಭಾಂಗಣದ ಉದ್ಘಾಟನೆ. ಕೈಗೆ ಶಸ್ತ್ರಚಿಕಿತ್ಸೆ ಆಗಿತ್ತು, ಫ್ಲೈಶರ್ ಎರಡೂ ಕೈಯಲ್ಲಿ ಮತ್ತೆ ನುಡಿಸುತ್ತಾರೆ ಎಂದು ದೇಶಕ್ಕೆ ದೇಶವೇ ಟೀವಿ ಮುಂದೆ ಕೂತಿತ್ತು. ಬೀತೋವನ್ ನುಡಿಸಬೇಕೆಂದಿದ್ದವರು ಕೈ ನಂಬಲಾರದೆ ಫ್ರಾಂಕ್ ಬರೆದ ಕೃತಿ ನುಡಿಸಿದರು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಕೈ ವಾಸಿಯಾಗಿಲ್ಲ ಅಂತ ಅಲ್ಲಿ ಗೊತ್ತಿದ್ದದ್ದು ಅವರೊಬ್ಬರಿಗೆ. ಅಷ್ಟು ಜನರ ನಡುವೆ ನಗುತ್ತಾ ಬಗ್ಗಿ ನಮಸ್ಕಾರ ಮಾಡಿ, ಮತ್ತೆ ಎಡಗೈಗೆ ಹಿಂತಿರುಗಿದರು. ಆ ಪುಟ ಓದಿದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ.

ಯಾಕೆಂದರೆ ನಾನೂ ಹಾಗೆ ನಕ್ಕಿದ್ದೇನೆ. ಚಪ್ಪಾಳೆ ಇರಲಿಲ್ಲ, ಅಷ್ಟೇ ವ್ಯತ್ಯಾಸ.

1971ನೇ ಇಸವಿ. ನನಗೆ ಇಪ್ಪತ್ತಾರು. ಹಗಲೆಲ್ಲ ಒಂದು ಸರ್ಕಾರಿ ಕಚೇರಿಯಲ್ಲಿ ಟೈಪಿಸ್ಟ್, ಬೆಳಗಿನ ಜಾವ ನಾಲ್ಕರಿಂದ ಎಂಟು, ರಾತ್ರಿ ಒಂಬತ್ತರಿಂದ ಹನ್ನೆರಡು ವೀಣೆ. ರೇಡಿಯೊ ಆಡಿಷನ್ನಿಗೆ ಮೂರು ತಿಂಗಳಿತ್ತು. ವೀಣೆಯವರ ಎಡಗೈ ಬೆರಳ ತುದಿಯಲ್ಲಿ ತಂತಿಯ ಗೀರು ಬಿದ್ದು ಗಟ್ಟಿಯಾಗಿರುತ್ತದೆ. ಅದು ನಮಗೆ ಹೆಮ್ಮೆ. ಆದರೆ ನನಗೆ ನೋವು ಬಂದದ್ದು ತುದಿಯಲ್ಲಲ್ಲ, ನಡುಬೆರಳಿನ ಬುಡದಲ್ಲಿ. ಅಲ್ಲಿಂದ ಮೊಣಕೈವರೆಗೆ ಯಾರೋ ದಾರ ಎಳೆದ ಹಾಗೆ. ಕೊಬ್ಬರಿ ಎಣ್ಣೆ ಬಟ್ಟಲಲ್ಲಿ ಬೆರಳು ಅದ್ದಿ ಅದ್ದಿ ನುಡಿಸಿದೆ. ರಾತ್ರಿ ಉಪ್ಪಿನ ಶಾಖ ಕೊಟ್ಟುಕೊಂಡೆ. ಬೆಳಗ್ಗೆ ಲೋಟ ಎತ್ತಲು ಆಗುತ್ತಿರಲಿಲ್ಲ, ಬಲಗೈಯಲ್ಲಿ ಎತ್ತುತ್ತಿದ್ದೆ. ನಾನು ಬಲಗೈಯವನೇ ಆದ್ದರಿಂದ ಯಾರಿಗೂ ಗೊತ್ತಾಗಲಿಲ್ಲ. ನಿನ್ನ ಅದೃಷ್ಟ, ನೀನು ಬಚ್ಚಿಟ್ಟಿದ್ದು ಬಲಗೈ.

ತೋಡಿ ನುಡಿಸುವಾಗ ಗಾಂಧಾರಕ್ಕೆ ತಂತಿ ಎಳೆಯಬೇಕು. ಬೆರಳು ಅರ್ಧಕ್ಕೇ ನಿಲ್ಲುತ್ತಿತ್ತು. ನಮ್ಮ ಮೇಷ್ಟ್ರು ಒಂದು ದಿನ ಕಣ್ಣು ಮುಚ್ಚಿಕೊಂಡೇ ‘ಗಾಂಧಾರ ಯಾಕೋ ಮುಟ್ತಾ ಇಲ್ವಲ್ಲಯ್ಯ’ ಅಂದರು. ‘ನಿದ್ದೆ ಸಾಲದು ಮೇಷ್ಟ್ರೇ’ ಅಂದೆ. ನಕ್ಕೆ ಕೂಡ. ಆ ಒಂದು ಕ್ಷಣದಲ್ಲಿ ಕೈ ಮುಂದೆ ಚಾಚಿ ನೋಯುತ್ತಿದೆ ಎಂದು ಹೇಳಿದ್ದರೆ ಅವರೇ ನನ್ನನ್ನು ವೈದ್ಯರ ಹತ್ತಿರ ಎಳೆದುಕೊಂಡು ಹೋಗುತ್ತಿದ್ದರು. ಹೇಳಲಿಲ್ಲ. ಹೇಳಿದರೆ ಆಡಿಷನ್ ಬೇಡ ಅಂದುಬಿಟ್ಟಾರು ಎಂಬ ಭಯ. ಆಡಿಷನ್ ದಿನ ನಾಲ್ಕನೇ ನಿಮಿಷಕ್ಕೆ ಬೆರಳು ಮಾತು ಕೇಳುವುದನ್ನು ಬಿಟ್ಟಿತು. ಎದುರು ಕೂತಿದ್ದವರು ಬಹಳ ಮರ್ಯಾದೆಯಿಂದ ಸಾಕು ಅಂದರು.

ಒಂದೂವರೆ ತಿಂಗಳು ಕೈಗೆ ವಿರಾಮ ಕೊಟ್ಟಿದ್ದರೆ ವಾಸಿಯಾಗುತ್ತಿತ್ತು ಎಂದು ಆಮೇಲೆ ನೋಡಿದ ವೈದ್ಯರು ಹೇಳಿದರು. ಅಷ್ಟರಲ್ಲಿ ಒಂದು ವರ್ಷ ಕಳೆದಿತ್ತು. ಕೆಲಸದ ಒತ್ತಡ, ಸಾಧನೆಗೆ ಪುರಸೊತ್ತಿಲ್ಲ ಎಂದು ಊರಿಗೆಲ್ಲ ಹೇಳಿಕೊಂಡು ಬಂದೆ. ನಿಮ್ಮಜ್ಜಿಗೂ ಅದೇ ಹೇಳಿದೆ, ನಿನ್ನಪ್ಪನಿಗೂ ಅದೇ. ಕಚೇರಿ ಮಾಡಬೇಕೆಂದಿದ್ದವನು ಕಚೇರಿಗೆ ಹೋಗಿ ರಿಟೈರಾದೆ. ನಮ್ಮ ಮೇಷ್ಟ್ರು ತೀರಿಕೊಳ್ಳುವವರೆಗೂ ಈ ಹುಡುಗನಿಗೆ ಶ್ರದ್ಧೆ ಸಾಲದಾಯಿತು ಎಂದೇ ತಿಳಿದಿದ್ದರು. ಬೆರಳು ಹೋದದ್ದಕ್ಕಿಂತ ಅದು ನನಗೆ ಹೆಚ್ಚು.

ಇನ್ನೊಂದು ತಪ್ಪೂ ಇದೆ, ಇದು ನಿನಗೇ ಮಾಡಿದ್ದು. ನಿನಗೆ ಒಂಬತ್ತು ವರ್ಷ. ಬೆರಳು ನೋಯ್ತಿದೆ ತಾತ, ಇವತ್ತು ಸಾಕು ಅಂತ ಅಳುತ್ತಾ ಬಂದೆ. ನಾನು ತೊಡೆಯ ಮೇಲೆ ಕೂರಿಸಿಕೊಂಡು ‘ಸಾಧಿಸಿದರೆ ಸಬಳ ನುಂಗಬಹುದು’ ಅಂತ ಗಾದೆ ಹೇಳಿದೆ. ಸಬಳ ಅಂದರೇನು ಅಂತ ಕೇಳಿದೆ, ಈಟಿ ಅಂದೆ. ಕಣ್ಣೊರೆಸಿಕೊಂಡು ವಾಪಸ್ಸು ಹೋಗಿ ನುಡಿಸಿದೆ. ಅವತ್ತು ನನಗೆ ಬಹಳ ಹೆಮ್ಮೆಯಾಗಿತ್ತು. ಈಟಿ ನುಂಗಿದವನ ಗಂಟಲು ಏನಾಯಿತು ಎಂದು ಆ ಗಾದೆ ಹೇಳುವುದಿಲ್ಲ, ನಾನೂ ಹೇಳಲಿಲ್ಲ. ಗೊತ್ತಿದ್ದೂ ಹೇಳಲಿಲ್ಲ. ಆ ಗಾದೆಯನ್ನು ಇವತ್ತು ವಾಪಸ್ಸು ತೆಗೆದುಕೊಂಡಿದ್ದೇನೆ.

ನಿನಗೆ ಫ್ಲೈಶರ್ ಕಾಯಿಲೆ ಬಂದಿದೆ ಅಂತ ನಾನು ಹೇಳುತ್ತಿಲ್ಲ. ಅದು ಸಂಗೀತಗಾರರಲ್ಲಿ ಅಂದಾಜು ನೂರಕ್ಕೊಬ್ಬರಿಗೆ ಬರುವಂಥದ್ದು. ನಿನ್ನದು ಬರೀ ದಣಿವಿರಬಹುದು, ಸ್ನಾಯು ಊದಿಕೊಂಡಿರಬಹುದು. ಚಳಿಗೆ ಬೆರಳು ಮರಗಟ್ಟಿತು ಅಂತ ಕೈ ಬೆಚ್ಚಗಿಟ್ಟುಕೊಂಡಿದ್ದೆಯೋ ಏನೋ, ಹಾಗಿದ್ದರೆ ಈ ಮುದುಕ ಇಷ್ಟುದ್ದ ಕೊರೆದದ್ದಕ್ಕೆ ನಕ್ಕುಬಿಡು. ಆದರೆ ನೋಯುತ್ತಿದ್ದರೆ ಹೇಳು. ಗುಣವಾದ ಮೇಲಲ್ಲ, ಸ್ಪರ್ಧೆ ಮುಗಿದ ಮೇಲಲ್ಲ. ನಾಳೆ ಪಾಠಕ್ಕೆ ಹೋದಾಗ ಪಿಯಾನೊ ಮುಟ್ಟುವ ಮೊದಲೇ ಕೈ ಚಾಚಿ ನಿಮ್ಮ ಟೀಚರ್‌ಗೆ ಹೇಳು. ಫ್ಲೈಶರ್ ಶಿಷ್ಯರಿಗೆ ಅದನ್ನು ಎರಡು ಸಲ ಹೇಳಬೇಕಾಗುವುದಿಲ್ಲ. ನಿಮ್ಮ ಶಾಲೆ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ಅಂಗವೇ ಅಲ್ಲವೇ, ವೈದ್ಯರಿಗೇನು ಬರಗಾಲ? ಒಂದು ಸ್ಪರ್ಧೆ ತಪ್ಪಿದರೆ ತಪ್ಪಲಿ. ನಿನ್ನ ಫೀಸಿಗೆ ನಿನ್ನಪ್ಪ ಮಾಡಿದ ಸಾಲದ ಯೋಚನೆಯಿಂದ ನೀನು ಬಾಯಿ ಬಿಡುತ್ತಿಲ್ಲ ಅಂತಾದರೆ, ಆ ಸಾಲದ ಕಾಗದಕ್ಕೆ ಜಾಮೀನು ರುಜು ಹಾಕಿದವನು ನಾನು. ನನಗಿಲ್ಲದ ಚಿಂತೆ ನಿನಗೆ ಬೇಡ.

ಫ್ಲೈಶರ್‌ಗೆ ಕೊನೆಗೆ ಗುಣವಾಯಿತು, ಪೂರ್ತಿ ಅಲ್ಲದಿದ್ದರೂ. ಸ್ನಾಯುಗಳನ್ನು ಆಳವಾಗಿ ತಿಕ್ಕುವ ಒಂದು ಚಿಕಿತ್ಸೆ, ಜೊತೆಗೆ ಸಿನಿಮಾದವರು ಮುಖದ ಸುಕ್ಕಿಗೆ ಹಾಕಿಸಿಕೊಳ್ಳುವ ಬೊಟಾಕ್ಸ್ ಇಂಜೆಕ್ಷನ್. 1995ರಲ್ಲಿ ಕ್ಲೀವ್‌ಲ್ಯಾಂಡ್ ಆರ್ಕೆಸ್ಟ್ರಾ ಜೊತೆ ಎರಡೂ ಕೈಯಲ್ಲಿ ಮೊಜಾರ್ಟ್ ನುಡಿಸಿದರು. 2004ರಲ್ಲಿ ‘ಟೂ ಹ್ಯಾಂಡ್ಸ್’ ಎಂಬ ಸಿ.ಡಿ. ಬಂತು. ನೀನು ಕಳಿಸಿದ್ದೇ ಅದು. ಅದರಲ್ಲಿನ ಶೂಬರ್ಟನ ಸೊನಾಟಾವನ್ನು ಮಧ್ಯಾಹ್ನ ಊಟ ಮಾಡಿ ಒರಗಿಕೊಂಡಾಗ ಹಾಕಿಸಿಕೊಳ್ಳುತ್ತೇನೆ. ಎಡಗಡೆ ಕೆಳಗೆಲ್ಲೋ ದೂರದ ಗುಡುಗಿನ ಥರ ಒಂದು ಸ್ವರ ನಡುಗುತ್ತದಲ್ಲ, ಅಲ್ಲಿಗೆ ಬಂದಾಗ ನನ್ನ ನಡುಬೆರಳು ತಾನಾಗಿ ಅಲುಗುತ್ತದೆ. ಫ್ಲೈಶರ್ 2020ರಲ್ಲಿ, ತೊಂಬತ್ತೆರಡು ವರ್ಷಕ್ಕೆ, ನಿಮ್ಮ ಊರಿನಲ್ಲೇ ತೀರಿಕೊಂಡರು.

ಇಲ್ಲಿ ಎಲ್ಲರೂ ಕ್ಷೇಮ. ಹಿತ್ತಲ ಹಲಸಿನಲ್ಲಿ ಈ ಸಲ ಎಂಟು ಕಾಯಿ ಬಿಟ್ಟಿದೆ. ನಿಮ್ಮಮ್ಮ ಹಪ್ಪಳ ಕಳಿಸುತ್ತಾಳಂತೆ.

ಭಾನುವಾರ ಎಂದಿನಂತೆ ಕಾಲ್ ಮಾಡು. ಎರಡೂ ಕೈ ಮೇಜಿನ ಮೇಲಿರಲಿ.

ಇಂತಿ ನಿನ್ನ ತಾತ